ಮೊದಲ ಬಿಂದಿಗೆಯ ನೀರು

ಏಯ್, ಆಚೆ ಬದಿಯೋರೇ! ಸ್ಕೂಟರ್ ಒಂದ್ಗಳಿಗೆ ಆಫ್ ಮಾಡ್ರೀ! ಮಹಡಿ ಮೇಲೆ ಬಟ್ಟೆ ಒಣಗಾಕ್ತಿರೋ ಅಕ್ಕಾ, ನೀವೂ ಇತ್ಲಾಗೆ ತಿರುಗಿ. ನಮ್ಮ ಮೈಸೂರಿನ ಲಷ್ಕರ್ ಮೊಹಲ್ಲಾದ ಪುಟ್ಟಲಿಂಗಮ್ಮನ ಕತೆ ಹೇಳ್ತೀನಿ. ನಗೋ ಕತೆ ಅಲ್ಲ, ಮೊದಲೇ ಹೇಳ್ಬುಟ್ಟೆ. ನಿಲ್ಲೋರು ನಿಲ್ಲಿ, ಹೋಗೋರು ಹೋಗಿ.

ಪುಟ್ಟಲಿಂಗಮ್ಮ ನಂಜನಗೂಡಿನ ಕಡೆಯ ಹೆಣ್ಣು. ಲಷ್ಕರ್ ಮೊಹಲ್ಲಾದಲ್ಲಿ ವಿಭೂತಿ ಅಂಗಡಿ ಇಟ್ಟಿದ್ದ ಸಿದ್ದಲಿಂಗಸ್ವಾಮಿಯವರ ಮನೆಗೆ ಸೊಸೆಯಾಗಿ ಬಂದಳು. ರೈಲು ಡಬ್ಬಿಯಂಥ ಮನೆ ಅದು. ಬೀದಿಗೆ ಅಂಗಡಿ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ತುಂಡು ಆಕಾಶ ಕಾಣುವ ಹಿತ್ತಲು. ಆ ಹಿತ್ತಲಿನ ಗೋಡೆಯಲ್ಲಿ ಒಂದು ನಲ್ಲಿ. ಬೀದಿಯಿಂದ ಹೊರಟ ಪೈಪು ಅಂಗಡಿ, ನಡುಮನೆ, ಅಡುಗೆಮನೆ ಎಲ್ಲದರ ನೆಲದಡಿ ಹಾದು ಅಲ್ಲಿ ತಲೆ ಎತ್ತುತ್ತಿತ್ತು.

ಮದುವೆಯಾಗಿ ಬಂದ ಮರುದಿನ ಬೆಳಗಿನ ಜಾವವೇ ಅತ್ತೆ ಬಸಮ್ಮ ಹೊಸ ಸೊಸೆಯನ್ನು ಎಬ್ಬಿಸಿ ಆ ನಲ್ಲಿಯ ಮುಂದೆ ನಿಲ್ಲಿಸಿದರು.

"ನೋಡಮ್ಮ, ನೀರು ಬರ್ತಿದ್ದಂಗೇ ಮೊದಲ್ನೇ ಬಿಂದಿಗೆ ಮೀಸಲು. ಅದರಲ್ಲಿ ಕೈ ತೊಳಿಯಂಗಿಲ್ಲ, ಮುಖ ತೊಳಿಯಂಗಿಲ್ಲ. ರಾತ್ರಿಯೆಲ್ಲ ಯಾರ ಎಂಜಲೂ ತಾಗ್ದೆ ಒಳಗೇ ಇದ್ದ ನೀರು. ಲಿಂಗಪೂಜೆಗೆ ಅದೇ. ಎರಡ್ನೇ ಬಿಂದಿಗೆಯಿಂದ ಮನೆಗೆ."

"ಅಕ್ಕಪಕ್ಕದೋರು ಮೊದಲ ನೀರು ಚೆಲ್ಬುಡ್ತಾರಲ್ಲ ಅತ್ತೆ?"

"ಅವರ ಪೈಪು ತುಕ್ಕು ಹಿಡಿದವೆ, ಕೆಂಪಗೆ ರಾಡಿ ಬತ್ತದೆ, ಚೆಲ್ತಾರೆ. ನಮ್ದು ಮಹಾರಾಜರ ಕಾಲ್ದಲ್ಲಿ ಹಾಕ್ಸಿದ್ದು ಕಣಮ್ಮ. ನೋಡು, ನೀರು ಎಂಗೆ ಹೊಳೀತದೆ."

ನಿಜಕ್ಕೂ ಹೊಳೆಯುತ್ತಿತ್ತು. ಬಿಂದಿಗೆಯ ತಳದಲ್ಲಿ ಬಿದ್ದ ಕೂದಲೆಳೆಯೂ ಕಾಣುವಷ್ಟು ತಿಳಿ. ಆ ಬೆಳಿಗ್ಗೆ ಕಲಿತ ಪಾಠವನ್ನು ಪುಟ್ಟಲಿಂಗಮ್ಮ ಒಂದು ದಿನವೂ ತಪ್ಪಿಸಲಿಲ್ಲ.

ಮೊದಲ ಹೆರಿಗೆಗೆ ತವರಿಗೆ ಹೋದಳು. ಐದನೆಯ ತಿಂಗಳಿನಿಂದಲೇ ಅಲ್ಲಿದ್ದಳು, ಗಂಡುಮಗು ಹುಟ್ಟಿತು, ಅಮರೇಶ್ ಎಂದು ಹೆಸರಿಟ್ಟರು. ಅಜ್ಜಿಮನೆಯಲ್ಲೇ ದುಂಡುದುಂಡಗೆ ಬೆಳೆದ ಹುಡುಗ ಮೈಸೂರಿಗೆ ಬಂದದ್ದು ಸ್ಕೂಲಿಗೆ ಸೇರುವ ಹೊತ್ತಿಗೆ. ಆಮೇಲೆ ಪುಟ್ಟಲಿಂಗಮ್ಮನಿಗೆ ಈ ಮನೆಯಲ್ಲೇ ಎರಡು ಸಲ ಬಸಿರು ನಿಂತಿತು. ಬಸುರಿಗೆ ಒಳ್ಳೆಯದೆಂದು ಅತ್ತೆ ದಿನಾ ಬೆಳಿಗ್ಗೆ ಮೀಸಲು ನೀರನ್ನೇ ಲೋಟದ ತುಂಬ ಕೊಟ್ಟರು. ಒಂದು ಮೂರು ತಿಂಗಳಿಗೇ ಹೋಯಿತು. ಇನ್ನೊಂದು ದಿನ ತುಂಬಿ ಹುಟ್ಟಿತು, ಅಳಲಿಲ್ಲ. ಮಣ್ಣು ಮಾಡಿ ಬಂದವರು ಕಾಲು ತೊಳೆದು ಒಳಗೆ ಬಂದರು, ಅಂಗಡಿ ಬಾಗಿಲು ತೆರೆಯಿತು, ಅಷ್ಟೇ. ಯಾಕೆ ಹೀಗಾಯಿತು ಎಂದು ಯಾರೂ ಕೇಳಲಿಲ್ಲ. ಹಣೆಬರಹ ಎಂದರು, ಅವಳೂ ಹೌದೆಂದಳು.

ಮಾವ, ಅತ್ತೆ, ಗಂಡ ಒಬ್ಬೊಬ್ಬರಾಗಿ ಹೋದರು. ಅಂಗಡಿಯ ಗಲ್ಲಾದ ಹಿಂದೆ ಪುಟ್ಟಲಿಂಗಮ್ಮ ಕೂತಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಊದುಬತ್ತಿ ಮೂಸಿ ಮೂಸಿ ಕೊಳ್ಳದೆ ಹೋಗುವವರಿಗೆ, "ಮೂಸಿದ್ದು ಸಾಕು ಕಣ್ರೀ, ದೇವರಿಗೂ ಒಂಚೂರು ಉಳಿಸಿ" ಎನ್ನುತ್ತಿದ್ದಳು. ಅಮರೇಶ್ ಮೇಟಗಳ್ಳಿಯಲ್ಲಿ ಲಾರಿ, ಕಾರುಗಳ ಬ್ಯಾಟರಿ ರಿಪೇರಿ ಮಾಡುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ. ಅವನ ಹೆಂಡತಿ ಶಿಲ್ಪಶ್ರೀ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ತೊಂಬತ್ತೈದರಲ್ಲಿ ಲಾಸ್ಯ ಹುಟ್ಟಿದಳು.

ಒಂದು ಹಿಡಿಯಷ್ಟು ಮಗು. ಬದುಕುತ್ತದೋ ಇಲ್ಲವೋ ಎಂದು ನರ್ಸೇ ಮುಖ ತಿರುಗಿಸಿದ್ದಳು. ಪುಟ್ಟಲಿಂಗಮ್ಮ ಆಸ್ಪತ್ರೆಯ ಕಾರಿಡಾರಿನಲ್ಲೇ ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಹರಕೆ ಹೊತ್ತಳು: ಈ ಮಗು ಉಳಿದರೆ, ಇದರ ಬಾಯಿಗೆ ಮೀಸಲು ನೀರು ಬಿಟ್ಟು ಬೇರೆ ನೀರು ಬೀಳಿಸುವುದಿಲ್ಲ.

ಮಗು ಉಳಿಯಿತು. ಹರಕೆಯೂ ನಡೆಯಿತು. ಮನೆಯವರೆಲ್ಲ ಕುಡಿಯುವುದಕ್ಕೆ, ಅಡುಗೆಗೆ ಎರಡನೆಯ ಬಿಂದಿಗೆ. ಮೊದಲನೆಯದರಲ್ಲಿ ಲಿಂಗಪೂಜೆಗೆ ಒಂದು ಬಟ್ಟಲು, ತೀರ್ಥಕ್ಕೆ ಒಂದು ಗುಟುಕು, ಮಿಕ್ಕಿದ್ದೆಲ್ಲ ಲಾಸ್ಯಳಿಗೆ. ರಾಗಿ ಸರಿ ಅದರಲ್ಲೇ, ಗಂಜಿ ಅದರಲ್ಲೇ, ಕುಡಿಯಲು ಕಾಯಿಸಿ ಆರಿಸಿದ್ದೂ ಅದೇ.

ಎದುರು ಮನೆಯ ಸೋಮಮ್ಮ ರೇಗಿಸುತ್ತಿದ್ದಳು. "ಏನ್ ಪುಟ್ಟಲಿಂಗಕ್ಕ, ನಿನ್ ಮೊಮ್ಮಗಳು ಮಹಾರಾಜರ ಮನೆಯೋಳಾ? ನೀರೂ ಬೇರೆ!"

"ಹೂಂ ಕಣೇ. ನೀನು ಕುಡೀತಿಯಲ್ಲ ಆ ಕೆಂಪು ರಾಡಿ, ಅದನ್ನ ಕುಡಿಸ್ಲಾ ನನ್ನ ಚಿನ್ನಕ್ಕೆ?"

ಅದಾಗಿ ಒಂದೆರಡು ವರ್ಷಕ್ಕೆ ಬೀದಿಯವರೆಲ್ಲ ತುಕ್ಕು ಹಿಡಿದ ಪೈಪು ಕಿತ್ತು ಹೊಸ ಕಬ್ಬಿಣದ ಪೈಪು ಹಾಕಿಸಿಕೊಂಡರು. ನಾವೂ ಹಾಕಿಸೋಣ ಎಂದ ಅಮರೇಶನಿಗೆ ಅವ್ವ ಬೈದಳು. "ಒಂದು ದಿನ ತುಕ್ಕು ಕಂಡಿಲ್ಲ, ಸೋರಿಲ್ಲ. ಚೆನ್ನಾಗಿರೋದನ್ನ ಯಾಕೋ ಕೀಳ್ಸ್ತೀಯ?"

ನಾಲ್ಕು ತುಂಬುವ ಹೊತ್ತಿಗೆ ಲಾಸ್ಯ ಬದಲಾದಳು. ಹೊಟ್ಟೆ ಹಿಡಿದುಕೊಂಡು ಅಂಗಡಿಯ ಮೂಲೆಯಲ್ಲಿ ಮಡಚಿ ಮಲಗುವಳು. ಮುಖ ಸುಣ್ಣದ ಗೋಡೆಯ ಹಾಗೆ. ಹಿಂದಿನ ವಾರ ಪಟಪಟ ಹೇಳುತ್ತಿದ್ದ ಬಣ್ಣಗಳ ಹೆಸರು ಈ ವಾರ ನಾಲಿಗೆಗೆ ಬಾರದು. ಹುಳು ಎಂದು ಔಷಧ ಕೊಟ್ಟರು, ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿದರು. ಮಠಕ್ಕೆ ಹೋಗಿ ತಾಯತ ಕಟ್ಟಿಸಿದರು. ಒಂದು ದಿನ ನಡೆಯುವಾಗ ಬಲಗಾಲಿನ ಪಾದ ಎತ್ತಲಾಗದೆ ನೆಲಕ್ಕೆ ತಟ್ಟಿ ತಟ್ಟಿ ಎಳೆಯಿತು.

ಡಾಕ್ಟರ್ ಚಂದ್ರಮತಿ ಮಗುವಿನ ತುಟಿ ಎತ್ತಿ ವಸಡು ನೋಡಿದರು. ಹಲ್ಲಿನ ಬುಡದಲ್ಲಿ ಪೆನ್ಸಿಲಿನಿಂದ ಎಳೆದ ಹಾಗೆ ನೀಲಿಗಪ್ಪು ಗೆರೆ. ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ಉತ್ತರ ಬಂದ ದಿನ ಮೂವರನ್ನೂ ಕೂರಿಸಿಕೊಂಡು ಹೇಳಿದರು.

"ಮಗುವಿನ ರಕ್ತದಲ್ಲಿ ಸೀಸ ಇದೆ. ತುಂಬ ಇದೆ. ಅದು ವಿಷ. ಮನೆಯಲ್ಲಿ ಯಾರಾದರೂ ಪೇಂಟು, ಬ್ಯಾಟರಿ ಇಂಥ ಕೆಲಸ ಮಾಡ್ತಾರಾ?"

ಅಮರೇಶ್ ತನ್ನ ಶರಟಿನ ಕಡೆ ನೋಡಿಕೊಂಡ. ಆಸಿಡ್ ಬಿದ್ದು ತೂತು ತೂತಾದ ಶರಟು. "ನಾನು ಮಾಡ್ತೀನಿ ಮೇಡಂ. ಬ್ಯಾಟರಿ."

"ಆ ಧೂಳು ಬಟ್ಟೆಯಲ್ಲಿ, ಕೂದಲಲ್ಲಿ ಮನೆಗೆ ಬರುತ್ತೆ. ಅದೇ ಇರಬಹುದು. ಹುಷಾರಾಗಿರಿ."

ಇರಬಹುದು ಎಂದಿದ್ದರು ಡಾಕ್ಟರು. ಪುಟ್ಟಲಿಂಗಮ್ಮನ ಕಿವಿಗೆ ಅದು ಹಾಗೆ ಬೀಳಲಿಲ್ಲ. ಮನೆಗೆ ಬಂದವಳೇ ಮಗನ ಬಟ್ಟೆಗಳನ್ನೆಲ್ಲ ಒಂದು ಚೀಲಕ್ಕೆ ತುರುಕಿ ಅಂಗಡಿಯ ಮೆಟ್ಟಿಲ ಮೇಲಿಟ್ಟಳು.

"ನಡಿಯೋ ಆಚೆಗೆ."

"ಅವ್ವ, ಅಲ್ಲೇ ಸ್ನಾನ ಮಾಡ್ಕೊಂಡು, ಬಟ್ಟೆ ಬದ್ಲಾಯಿಸ್ಕೊಂಡು ಬತ್ತೀನಿ."

"ನೀನು ಹೊತ್ಕೊಂಡು ಬಂದ ವಿಷ ಕಣೋ ನನ್ನ ಕೂಸಿನ ಮೈಯಾಗಿರೋದು! ಆ ಕೆಲಸ ಬುಡೋಗಂಟ ಈ ಹೊಸ್ತಿಲು ತುಳೀಬ್ಯಾಡ."

"ಕೆಲಸ ಬುಟ್ರೆ ಅವಳ ಆಸ್ಪತ್ರೆ ಖರ್ಚು ಎಂಗೆ ನಡೀತದವ್ವ?"

ಪುಟ್ಟಲಿಂಗಮ್ಮ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಮತ್ತೆ ಬಾಗಿಲು ತೆರೆಯಲಿಲ್ಲ. ಅಮರೇಶ್ ಮೇಟಗಳ್ಳಿಯಲ್ಲೇ ಒಂದು ಕೋಣೆ ಹಿಡಿದ. ಭಾನುವಾರ ತಲೆಗೆ, ಮೈಗೆ ಸೋಪು ತಿಕ್ಕಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದು ಎದುರು ಬದಿಯಲ್ಲಿ, ಸೋಮಮ್ಮನ ಮನೆಯ ಜಗಲಿಯ ಹತ್ತಿರ ನಿಲ್ಲುತ್ತಿದ್ದ. ಅಲ್ಲಿಂದಲೇ ಮಗಳಿಗೆ ಕೈ ಬೀಸುತ್ತಿದ್ದ. ಲಾಸ್ಯ "ಅಪ್ಪಾ, ಬಾ" ಎಂದು ಕಾಲೆಳೆಯುತ್ತ ಹೊರಟರೆ ಪುಟ್ಟಲಿಂಗಮ್ಮ ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಳ್ಳುತ್ತಿದ್ದಳು. ಶಿಲ್ಪಶ್ರೀ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು. ಗಂಡನ ಪರ ಮಾತಾಡಲು ಅವಳಿಗೂ ಬಾಯಿ ಬರಲಿಲ್ಲ. ವಿಷ ತಂದವನು ಅವನೇ ಎಂದು ಅವಳೂ ನಂಬಿದ್ದಳು. ಅವನೂ ನಂಬಿದ್ದ.

ಮಗುವನ್ನು ಆಸ್ಪತ್ರೆಗೆ ಸೇರಿಸಿ ಸೀಸ ಇಳಿಸುವ ಔಷಧ ಕೊಟ್ಟರು. ಅಲ್ಲಿ ಲಾಸ್ಯ ಚೇತರಿಸಿಕೊಂಡಳು. ಇಡ್ಲಿ ಕೇಳಿದಳು, ನರ್ಸಿನ ಟೋಪಿ ಕಿತ್ತು ನಕ್ಕಳು. ಪುಟ್ಟಲಿಂಗಮ್ಮನಿಗೆ ಒಂದೇ ಕೊರಗು, ಅಷ್ಟು ದಿನ ಮಗು ಆಸ್ಪತ್ರೆಯ ನಲ್ಲಿ ನೀರು ಕುಡಿದು ಹರಕೆ ತಪ್ಪಿತಲ್ಲ ಎಂದು. ಮನೆಗೆ ಕರೆತಂದ ಮೇಲೆ ಆ ಕೊರತೆ ತುಂಬಲು ಒಂದು ಲೋಟದ ಜಾಗದಲ್ಲಿ ಎರಡು ಲೋಟ ಕುಡಿಸಿದಳು. ಬೇಡವೆಂದು ಮುಖ ತಿರುಗಿಸಿದರೆ ಕತೆ ಹೇಳಿ ಕುಡಿಸಿದಳು. ಗಾರ್ಮೆಂಟ್ಸಿಗೆ ಹೊರಡುವ ಅವಸರದಲ್ಲಿ ಶಿಲ್ಪಶ್ರೀಯೂ ಒಂದೆರಡು ಸಲ ಮೂಗು ಹಿಡಿದು ಕುಡಿಸಿದ್ದುಂಟು.

ಮತ್ತೆ ಹೊಟ್ಟೆನೋವು. ಮತ್ತೆ ಪಾದ ನೆಲಕ್ಕೆ ತಟ್ಟಿತು. ಈ ಸಲ ಎರಡೂ ಪಾದ.

ರಕ್ತದ ಉತ್ತರ ಬಂದಾಗ ಚಂದ್ರಮತಿ ಹಳೆಯ ಚೀಟಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಆಸ್ಪತ್ರೆಯಲ್ಲಿ ಇಳಿದಿತ್ತು, ಮನೆಗೆ ಹೋದ ಮೇಲೆ ಮೊದಲಿಗಿಂತ ಜಾಸ್ತಿ ಆಗಿದೆ. ತಂದೆ ಮನೆಯಲ್ಲಿಲ್ಲ ಅಂತೀರಿ. ಅಂದ್ಮೇಲೆ ನಾನು ಬೇರೆ ಕಡೆ ನೋಡಬೇಕಿತ್ತು. ನಿಮ್ಮನೆ ಎಷ್ಟು ಹಳೇದು?"

"ನಮ್ಮ ಮಾವನೋರ ಅಪ್ಪ ಕಟ್ಸಿದ್ದು."

"ನೀರಿನ ಪೈಪು?"

"ಅದೂ ಆಗ್ಲೇದೇ ಕಣಮ್ಮ."

"ಇವತ್ತೇ ಯಾರಾದರೂ ಪ್ಲಂಬರ್‌ನ ಕರೆದು ಆ ಪೈಪು ಯಾವುದರದ್ದು ಅಂತ ನೋಡಿಸಿ. ಹಳೇ ಮನೆಗಳಲ್ಲಿ ಸೀಸದ ಪೈಪೇ ಹಾಕಿರ್ತಿದ್ರು. ಸೀಸ ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ತುಂಬ ಕೆಟ್ಟದ್ದು. ಬಸಿರು ನಿಲ್ಲೋದೇ ಇಲ್ಲ ಕೆಲವರಿಗೆ."

ಪುಟ್ಟಲಿಂಗಮ್ಮ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದಳು. ಬಸಿರಿನ ಮಾತು ಆಗ ಅವಳ ತಲೆಗೆ ಹೋಗಲಿಲ್ಲ.

ಮಧ್ಯಾಹ್ನಕ್ಕೆ ಮಹದೇವು ಬಂದ. ಆ ಬೀದಿಗೆ ಹೊಸ ಪೈಪು ಹಾಕಿದವನು ಅವನೇ. ಹಿತ್ತಲಿನ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನಲ್ಲಿಯ ಬುಡ ನೋಡಿದ. ಪ್ರತಿ ವರ್ಷ ಗೋಡೆಗೆ ಸುಣ್ಣ ಬಳಿಯುವಾಗ ಪೈಪಿಗೂ ಸೇರಿಸಿ ಬಳಿದು ಬಳಿದು ಅದು ಗೋಡೆಯ ಒಂದು ಮಡಿಕೆಯ ಹಾಗೆ ಕಾಣುತ್ತಿತ್ತು.

"ಏನಜ್ಜಿ, ಪೈಪಿಗೆ ಇಷ್ಟೊಂದು ವಿಭೂತಿ ಬಳ್ದಿದೀರಲ್ಲ!"

"ನಗೋದು ಆಮ್ಯಾಕೆ, ಮೊದಲು ನೋಡಪ್ಪ."

ಮಹದೇವು ಹಳೆಯ ರೇಡಿಯೋ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ಜೇಬಿನಿಂದ ತೆಗೆದು ಪೈಪಿಗೆ ತಾಗಿಸಿದ. ಹಿಡಿಯಲಿಲ್ಲ, ಕೈಗೇ ಜಾರಿತು. "ಕಬ್ಬಿಣ ಅಲ್ಲ" ಎಂದ. ಚಾಕು ತೆಗೆದು ಸುಣ್ಣದ ಪದರು ಕೆರೆದ. ಕೆಳಗೆ ಮಂಕು ಬೂದಿ ಬಣ್ಣ. ಇನ್ನೊಂದು ಸಲ ಚಾಕು ಎಳೆದ. ಬೆಣ್ಣೆಯ ಮೇಲೆ ಎಳೆದ ಹಾಗೆ ಅಲಗು ಇಳಿಯಿತು, ಎಳೆದ ಜಾಗ ಬೆಳ್ಳಿಯ ಹಾಗೆ ಫಳಫಳ ಹೊಳೆಯಿತು. ಅವನ ಮುಖದ ನಗು ಹೋಯಿತು.

ಎದ್ದು ಬೀದಿಗೆ ಹೋಗಿ, ಅಂಗಡಿಯ ಮೆಟ್ಟಿಲ ಪಕ್ಕದ ಕಲ್ಲು ಎತ್ತಿ, ಮಣ್ಣು ಬಗೆದ. ಅಲ್ಲಿಯೂ ಅದೇ ಪೈಪು, ಇಲಿ ನುಂಗಿದ ಹಾವಿನ ಹಾಗೆ ನಡುವೆ ಒಂದು ಉಬ್ಬುಗಂಟು. ಅಲ್ಲಿಯೂ ಅಯಸ್ಕಾಂತ ಹಿಡಿಯಲಿಲ್ಲ, ಕೆರೆದರೆ ಅದೇ ಹೊಳಪು.

"ಬೀದಿಯಿಂದ ಹಿತ್ತಲಗಂಟ ಎಲ್ಲಾ ಸೀಸವೇ ಕಣಜ್ಜಿ. ಮನೆ ಒಳಗಿಂದು ನಾನು ಕಿತ್ತು ಹಾಕ್ತೀನಿ. ರೋಡಿನ ಕೆಳಗಿಂದು ವಾಟರ್ ಆಫೀಸಿನೋರು ಕೀಳ್ಬೇಕು, ಅದು ಯಾವಾಗ ಅಂತ ಶಿವನೇ ಬಲ್ಲ. ಅಲ್ಲೀಗಂಟ ಸೋಮಮ್ಮೋರ ಮನೆ ನೀರು ತನ್ನಿ."

"ಕಾಯಿಸಿ ಕುಡಿದ್ರೆ?"

"ಕಾಯಿಸಿದ್ರೆ ಸಾಯೋಕೆ ಅದೇನು ಹುಳವಾ? ಸೀಸ ಅಜ್ಜಿ. ನೀರು ಇಂಗ್ತದೆ, ಅದು ತಳದಲ್ಲೇ ಉಳೀತದೆ." ಅವನು ಕೈಯ ಮಣ್ಣು ಕೊಡವುತ್ತ, ಅವಳ ಮುಖ ನೋಡಿ ಸಮಾಧಾನಕ್ಕೆಂದು ಇನ್ನೊಂದು ಮಾತು ಹೇಳಿದ. "ಹರಿಯೋ ನೀರಲ್ಲಿ ಅಷ್ಟು ಇರಲ್ಲ ಬುಡಿ. ರಾತ್ರಿಯೆಲ್ಲ ಪೈಪಲ್ಲಿ ನಿಂತಿರ್ತದಲ್ಲ, ಬೆಳಗ್ಗೆ ಮೊದಲು ಬರೋ ಬಿಂದಿಗೆ, ಅದು ಶುದ್ಧ ವಿಷ. ಅದನ್ನ ಹೆಂಗೂ ಎಲ್ಲರ ಮನೇಲೂ ಚೆಲ್ತಾರೆ. ನೀವೂ ಚೆಲ್ತೀರಿ ತಾನೆ?"

ಪುಟ್ಟಲಿಂಗಮ್ಮ ತಲೆ ಆಡಿಸಿದಳು. ಹೌದು ಎಂದೋ, ಇಲ್ಲ ಎಂದೋ ಮಹದೇವುವಿಗೆ ತಿಳಿಯಲಿಲ್ಲ. ಅವನು ಸಾಮಾನು ಕಟ್ಟಿಕೊಂಡು ಹೋದ.

ಅವಳು ಹಿತ್ತಲಿನಲ್ಲಿ ಒಬ್ಬಳೇ ನಿಂತಳು. ನಡುಮನೆಯಲ್ಲಿ ಲಾಸ್ಯ ಚಾಪೆಯ ಮೇಲೆ ಮಲಗಿದ್ದಳು. ಶಿಲ್ಪಶ್ರೀ ಕೆಲಸದಿಂದ ಬರಲು ಇನ್ನೂ ಹೊತ್ತಿತ್ತು. ಮಹದೇವು ಆಡಿದ ಕೊನೆಯ ಮಾತು ಕೇಳಿದವಳು ಅವಳೊಬ್ಬಳೇ. ಪೈಪಿನ ತಪ್ಪು ಎಂದರೆ ಮುಗಿಯಿತು. ಹಾಕಿಸಿದವರು ಸತ್ತು ಎಷ್ಟೋ ಕಾಲವಾಗಿದೆ. ಬೀದಿಯವರು ಬಂದು ಅಯ್ಯೋ ಪಾಪ ಎನ್ನುತ್ತಾರೆ. ಮೊದಲ ಬಿಂದಿಗೆ ಯಾರು ಹಿಡಿದರು, ಯಾರಿಗೆ ಕುಡಿಸಿದರು ಎಂದು ಕೇಳುವವರಿಲ್ಲ. ಅಮರೇಶನನ್ನು ನಾಳೆಯೇ ಕರೆಸಿಕೊಳ್ಳಬಹುದು. ಪೈಪು ಕಣಪ್ಪ, ಹಾಳಾದ ಪೈಪು, ಎನ್ನಬಹುದು.

ಆಗ ಡಾಕ್ಟರ ಮಾತು ತಲೆಗೆ ಹೋಯಿತು. ಬಸಿರು ನಿಲ್ಲೋದೇ ಇಲ್ಲ ಕೆಲವರಿಗೆ.

ಅವಳು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತಳು. ಮೂರು ತಿಂಗಳಿಗೆ ಹೋದದ್ದು. ಅಳದೇ ಹುಟ್ಟಿದ್ದು. ಅತ್ತೆ ಎಷ್ಟು ಅಕ್ಕರೆಯಿಂದ ಲೋಟ ಹಿಡಿಯುತ್ತಿದ್ದರು. ಕುಡಿಯಮ್ಮ, ಕೂಸಿಗೆ ಒಳ್ಳೇದು. ಅದೇ ದನಿಯಲ್ಲಿ, ಅದೇ ಮಾತಲ್ಲಿ, ತಾನು ಇವತ್ತು ಬೆಳಿಗ್ಗೆ ಲಾಸ್ಯಳಿಗೆ ಲೋಟ ಹಿಡಿದಿದ್ದಳು. ಅತ್ತೆಯ ಮೇಲೆ ಸಿಟ್ಟು ಬರಲಿ ಎಂದು ಕಾದಳು. ಬರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಆದರೆ ಅವರು ಯಾರನ್ನೂ ಮನೆಯಿಂದ ಆಚೆ ಹಾಕಿರಲಿಲ್ಲ.

ಮಗುವನ್ನು ಸೋಮಮ್ಮನ ಮಡಿಲಿಗೆ ಹಾಕಿ, ಅಂಗಡಿಗೆ ಬೀಗ ಜಡಿದು, ಬೀಗದ ಕೈಯನ್ನೂ ಅವಳಿಗೇ ಕೊಟ್ಟು, ಮೇಟಗಳ್ಳಿಯ ಬಸ್ಸು ಹತ್ತಿದಳು.

ಶೆಡ್ಡಿನ ಮುಂದೆ ಬ್ಯಾಟರಿಗಳ ಸಾಲು. ಒಳಗೆ ಬಗ್ಗಿ ಕೆಲಸ ಮಾಡುತ್ತಿದ್ದ ಅಮರೇಶ್ ಅವ್ವನನ್ನು ಕಂಡವನೇ ಎದ್ದು ಎರಡು ಹೆಜ್ಜೆ ಹಿಂದೆ ಸರಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅಲ್ಲೇ ನಿಂತ್ಕೋ ಅವ್ವ, ಮೈಮೇಲೆಲ್ಲ ಧೂಳು. ಏನಾಯ್ತು? ಮಗು ಎಂಗವ್ಳೆ?"

ಪುಟ್ಟಲಿಂಗಮ್ಮ ಹತ್ತಿರ ಹೋಗಿ, ಬೆನ್ನ ಹಿಂದಿದ್ದ ಆ ಕೈ ಎಳೆದು ಹಿಡಿದುಕೊಂಡಳು.

"ನಿಂದಲ್ಲ ಕಣಪ್ಪ. ನಾನು."

"ಏನು ನೀನು?"

"ನಮ್ಮ ಪೈಪೇ ಸೀಸದ್ದಂತೆ. ರಾತ್ರಿಯೆಲ್ಲ ಅದರಾಗೆ ನಿಂತ ನೀರು ವಿಷವಂತೆ. ಮಹದೇವು ಹೇಳ್ದ. ಅದನ್ನೇ ಕಣೋ ನಾನು ಮೀಸಲು ಅಂತ ಹಿಡಿದು ಹಿಡಿದು ಕುಡಿಸಿದ್ದು. ಹುಟ್ಟಿದಾಗಿನಿಂದ. ನಿನ್ನ ಆಚೆಗೆ ಹಾಕಿ ಇನ್ನೂ ಜಾಸ್ತಿ ಕುಡಿಸ್ದೆ."

ಅಮರೇಶ್ ಅವಳ ಮುಖವನ್ನೇ ನೋಡಿದ.

"ಇವತ್ತು ಬೆಳಗ್ಗೆನೂ ಕೊಟ್ಯಾ?"

"ಕೊಟ್ಟೆ."

ಅವನು ಕೈ ಬಿಡಿಸಿಕೊಂಡ. ಡ್ರಮ್ಮಿನ ಹತ್ತಿರ ಹೋಗಿ ಮೊಣಕೈವರೆಗೆ ಸೋಪು ಹಾಕಿ ತೊಳೆದ, ಮತ್ತೆ ಹಾಕಿ ಮತ್ತೆ ತೊಳೆದ. ಶರಟು ಬದಲಾಯಿಸಿ ಬಂದ. "ನಡಿ" ಎಂದ, ಅಷ್ಟೇ. ಬಸ್ಸಿನಲ್ಲಿ ಅವ್ವನ ಪಕ್ಕ ಜಾಗವಿತ್ತು. ಅವನು ಮುಂದೆ ಹೋಗಿ ಕಂಬಿ ಹಿಡಿದು ನಿಂತ. ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಅವನ ಬೆನ್ನು.

ಮನೆಗೆ ಬರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಶಿಲ್ಪಶ್ರೀ ಬಂದು ಮಗುವನ್ನು ಕರೆತಂದು ಚಾಪೆಯ ಮೇಲೆ ಮಲಗಿಸಿದ್ದಳು. ಸೋಮಮ್ಮನ ಮನೆಯಿಂದ ಒಂದು ಪ್ಲಾಸ್ಟಿಕ್ ಬಿಂದಿಗೆ ನೀರು ಬಂದು ನಡುಮನೆಯಲ್ಲಿ ಕೂತಿತ್ತು. ಗಂಡನನ್ನು ಹೊಸ್ತಿಲ ಒಳಗೆ ಕಂಡು ಅವಳು ಅತ್ತೆಯ ಕಡೆ ನೋಡಿದಳು. ಅಮರೇಶ್ ಹೇಳಲಿ ಎಂದು ಪುಟ್ಟಲಿಂಗಮ್ಮ ಕಾಯಲಿಲ್ಲ. ನಿಂತಲ್ಲೇ, ಮೇಟಗಳ್ಳಿಯಲ್ಲಿ ಹೇಳಿದ್ದನ್ನೆಲ್ಲ ಇನ್ನೊಂದು ಸಲ ಹೇಳಿದಳು. ಮೊದಲ ಬಿಂದಿಗೆ, ಹರಕೆ, ಎರಡು ಲೋಟ.

ಶಿಲ್ಪಶ್ರೀ ಗೋಡೆಗೆ ಒರಗಿದಳು. "ಬೇಡ ಬೇಡ ಅಂತಿದ್ಲು ಅತ್ತೆ ಮಗು. ನಾನೇ ಮೂಗು ಹಿಡಿದು ಕುಡಿಸಿದ್ನಲ್ಲ."

"ಕೊಟ್ಟೋಳು ನಾನು ಕಣಮ್ಮ. ನೀನು ಅದನ್ನ ತಲೆಗೆ ಹಾಕ್ಕೋಬ್ಯಾಡ."

"ಕಾಲು ಸರಿ ಹೋಗ್ತದಂತಾ?" ಅಮರೇಶ್ ಕೇಳಿದ.

"ಕಾಲು ಸರಿ ಹೋಗಬೌದು ಅಂತಾರೆ ಡಾಕ್ಟ್ರು. ಓದು ಬರಹ ಎಂಗೋ ಗೊತ್ತಿಲ್ವಂತೆ." ಶಿಲ್ಪಶ್ರೀ ಸೆರಗಿನಿಂದ ಮುಖ ಒರೆಸಿಕೊಂಡು, ಅತ್ತೆಯನ್ನು ನೋಡದೆ ಹೇಳಿದಳು, "ಇನ್ಮೇಲೆ ಮಗೂಗೆ ತಿನ್ನಿಸೋದು, ಕುಡಿಸೋದು ನಾನೇ ಮಾಡ್ಕೋತೀನಿ ಅತ್ತೆ."

"ಆಗ್ಲಮ್ಮ."

ಅಮರೇಶ್ ಚಾಪೆಯ ಪಕ್ಕ ಕೂತು, ಮಗಳ ಪಾದ ಎರಡನ್ನೂ ಅಂಗೈಯಲ್ಲಿ ಹಿಡಿದ. ಅವನು ಅವಳನ್ನು ಮುಟ್ಟಿ ದಸರಾ ಒಂದು ಕಳೆದಿತ್ತು. ಲಾಸ್ಯ ಕಣ್ಣು ಬಿಟ್ಟಳು. ಅಪ್ಪನನ್ನು ನೋಡಿದಳು, ಆದರೆ ನಿದ್ದೆಗಣ್ಣಿನಲ್ಲಿ ನಾಲಿಗೆಗೆ ಬಂದದ್ದು ದಿನಾ ಬರುವ ಹೆಸರೇ.

"ಅಜ್ಜೀ, ನೀರು."

ಪುಟ್ಟಲಿಂಗಮ್ಮನ ಕೈ ತಾನಾಗಿ ಲೋಟದ ಕಡೆ ಹೋಯಿತು. ಲೋಟ ಎತ್ತಿದಳು. ಬಿಂದಿಗೆಯ ಮುಂದೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು.

"ಅಜ್ಜೀ."

"ತಡಿ ಕಂದ, ನಿಮ್ಮಮ್ಮ ಕೊಡ್ತಾಳೆ."

ಖಾಲಿ ಲೋಟವನ್ನು ಸೊಸೆಯ ಕೈಗೆ ಕೊಟ್ಟು, ಪುಟ್ಟಲಿಂಗಮ್ಮ ಅಂಗಡಿಯ ಕತ್ತಲಿಗೆ ಹೋಗಿ ನಡುಬಾಗಿಲು ಎಳೆದುಕೊಂಡಳು.